ಹೊರಡಲೊಲ್ಲದ ಗಾಡಿ

ಡೀಸೆಲ್ ವಾಸನೆ ಎಂದರೆ ಅವಳಿಗೆ ಅಪ್ಪ. ಚಿಕ್ಕವಳಿದ್ದಾಗ ಬಾಡಿಗೆ ಮುಗಿಸಿ ಬಂದ ಅಪ್ಪನ ತೋಳಿಗೆ ಮೂಗು ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದಳು. ಅಮ್ಮ ಎಷ್ಟು ಸೋಪು ತಿಕ್ಕಿದರೂ ಆ ಅಂಗಿಯ ವಾಸನೆ ಹೋಗುತ್ತಿರಲಿಲ್ಲ.

ಈಗ ಅದೇ ವಾಸನೆ ಅವಳ ಕೈಯಲ್ಲಿತ್ತು. ತೀರಿಹೋದ ಅಪ್ಪನ ಪಿಕಪ್ ಅಂಗಳದಲ್ಲಿ ಬಾನೆಟ್ ತೆರೆದು ನಿಂತಿತ್ತು. ಮನೆಯೊಳಗೆ ‘ಏನಾಯ್ತೇ?’ ಎಂದು ಕೇಳುವವರು ಯಾರೂ ಉಳಿದಿರಲಿಲ್ಲ.

ಗೇಟು ಸದ್ದಾಯಿತು. ಆ ಹೆಜ್ಜೆ ಯಾರದೆಂದು ತಲೆ ಎತ್ತದೆಯೇ ತಿಳಿಯಿತು.

ಬಡಗಿ.

ಅವನ ಗರಗಸ, ಉಳಿ, ಕೆಲಸದ ಮೇಜು ಎಲ್ಲವನ್ನೂ ಹೇರಿಕೊಂಡು ಇಂದು ದೂರದ ಊರಿಗೆ ಮುಟ್ಟಿಸಬೇಕಿತ್ತು. ಅಲ್ಲಿ ಅವನ ಭಾವನ ಅಂಗಡಿಯಿದೆ. ಇನ್ನು ಅವನು ಅಲ್ಲೇ ಇದ್ದುಬಿಡುತ್ತಾನೆ. ಅವನನ್ನು ಊರು ಬಿಡಿಸುವ ಬಾಡಿಗೆ ಅವಳ ಪಾಲಿಗೇ ಬರಬೇಕೆ...

ಹೊತ್ತಾಯಿತಲ್ಲ, ನೋಡೋಣವೆಂದು ಬಂದೆ ಎಂದ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಗಾಡಿ ಎಳೆಯುತ್ತಿರಲಿಲ್ಲ, ಹೊಸದು ಹಾಕಿದರೂ ಸ್ಟಾರ್ಟ್ ಆಗುತ್ತಿಲ್ಲ ಎಂದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲು ಹೀಗಿರಲಿಲ್ಲ. ಅವನು ಮಾಡಿದ ಬೀರು, ಮಂಚಗಳನ್ನು ಸಾಗಿಸುವಾಗ ದಾರಿಯುದ್ದಕ್ಕೂ ಮಾತು. ಒಮ್ಮೆ ಗಾಡಿಯ ಹಿಂಬದಿಯ ಹಲಗೆಯ ಸಿಬಿರು ಅವಳ ಅಂಗೈಗೆ ಚುಚ್ಚಿತ್ತು. ಮಾರನೆಯ ದಿನ ನೋಡಿದರೆ ಹಲಗೆಯ ಅಂಚೆಲ್ಲ ನುಣುಪಾಗಿತ್ತು. ಅವನು ಅದರ ಸುದ್ದಿಯನ್ನೇ ಎತ್ತಲಿಲ್ಲ. ಅಂದಿನಿಂದ ಅವಳ ಮನಸ್ಸು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು.

ಆಮೇಲೆ ಏಕೋ ಅವನು ದೂರವಾದ. ಸಾಮಾನನ್ನು ಬೇರೆ ಗಾಡಿಗಳಲ್ಲಿ ಕಳಿಸತೊಡಗಿದ. ‘ನಾನೇನು ತಪ್ಪು ಮಾಡಿದೆ...’ ಎಂದು ಎಷ್ಟೋ ಸಂಜೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕೇಳಿಕೊಂಡಿದ್ದಳು. ಗೋಡೆ ಉತ್ತರ ಕೊಡುತ್ತದೆಯೇ?

“ನಾನೇನಾದ್ರೂ ಮಾಡ್ಲಾ?” ಎಂದ ಅವನು. “ಮರ ಆಗಿದ್ರೆ ಕೇಳ್ತಾನೇ ಇರಲಿಲ್ಲ. ಇದು ಕಬ್ಬಿಣ, ನನ್ನ ಮಾತು ಕೇಳಲ್ಲ.”

ಫಿಲ್ಟರಿನ ಮೇಲಿನ ಕೈಪಂಪನ್ನು ಒತ್ತುತ್ತಿರಲು ಹೇಳಿದಳು. ಡೀಸೆಲ್ ತುಂಬಿ ಗಾಳಿ ಹೊರಹೋದರೆ ಪಂಪು ಗಟ್ಟಿಯಾಗಬೇಕು. ಅವನು ಬೆವರು ಇಳಿಯುವಷ್ಟು ಒತ್ತಿದ. ಪಂಪು ಮೆತ್ತಗೇ ಉಳಿಯಿತು. ಫಿಲ್ಟರಿನ ಅಂಚಿನಿಂದ ಡೀಸೆಲ್ ತೊಟ್ಟಿಕ್ಕತೊಡಗಿತು.

ಅವಳು ಫಿಲ್ಟರನ್ನು ತಿರುಗಿಸಿ ಕಳಚಿದಳು. ಅದು ಕೂರುವ ಜಾಗದಲ್ಲಿ ಬೆರಳಾಡಿಸಿದಾಗ ಚಪ್ಪಟೆಯಾಗಿ ಅಂಟಿಕೊಂಡಿದ್ದ ಹಳೆಯ ಫಿಲ್ಟರಿನ ರಬ್ಬರ್ ರಿಂಗು ಕೈಗೆ ಬಂತು. ಅದನ್ನು ತೆಗೆಯದೆ ಅದರ ಮೇಲೆಯೇ ಹೊಸ ಫಿಲ್ಟರ್ ಬಿಗಿದಿದ್ದಳು. ಅಪ್ಪ ಕಲಿಸಿದ ಮೊದಲ ಪಾಠವನ್ನೇ ಮರೆತಿದ್ದಳು.

“ಕಣ್ಣು ಮುಚ್ಕೊಂಡು ಮಾಡ್ತೀನಿ ಅಂತಿದ್ರಲ್ಲ ಈ ಕೆಲಸಾನ,” ಎಂದು ಅವನು ಮೆಲ್ಲಗೆ ಕೆಣಕಿದ.

“ಕಣ್ಣು ತೆರೆದೇ ಇತ್ತು. ಮನಸ್ಸು ಇರಲಿಲ್ಲ.”

“ಎಲ್ಲಿತ್ತು?”

ಅವಳು ಆ ಜಾಗವನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಈ ಸಲ ಫಿಲ್ಟರ್ ಸರಿಯಾಗಿ ಕೂತಿತು. ಅವನ ಅಂಗೈ ಕೆಳಗೆ ಪಂಪು ಗಟ್ಟಿಯಾಯಿತು. ಅವಳು ಒಳಗೆ ಹತ್ತಿ ಕೀ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ, ಒಂದೇ ಸಮನೆ ಓಡತೊಡಗಿತು.

ಇನ್ನು ಹೊರಡಲು ಅಡ್ಡಿಯೇನೂ ಇರಲಿಲ್ಲ. ಅವಳಿಗೆ ಅಳು ಬಂದದ್ದು ಆಗಲೇ.

ಎಂಜಿನ್ ಆರಿಸಿದಳು. ಅಂಗಳ ಮತ್ತೆ ಬಿಕೋ ಎಂದಿತು.

“ನೀವು ಹೋಗೋದು ನಂಗಿಷ್ಟ ಇಲ್ಲ,” ಎಂದಳು, ಸ್ಟೀರಿಂಗನ್ನೇ ನೋಡುತ್ತಾ. “ಅದಕ್ಕೇ ಕೈ ತಪ್ಪಿತು.”

ಅವನು ಬಾನೆಟ್ ಇಳಿಸಿ ಅವಳ ಬಾಗಿಲ ಬಳಿ ಬಂದ.

“ಮತ್ತೆ... ಅವರು? ಇಸ್ತ್ರಿ ಅಂಗಿ ಹಾಕ್ಕೊಂಡು ನಿಮ್ಮನ್ನ ನೋಡೋಕೆ ಬಂದಿದ್ರಲ್ಲ. ಅವತ್ತು ಮನಸ್ಸಲ್ಲಿರೋದನ್ನ ಹೇಳಿಬಿಡೋಣ ಅಂತ ಗೇಟಿನ ತನಕ ಬಂದಿದ್ದೆ. ಅವರನ್ನ ನೋಡಿ ವಾಪಸ್ ಹೋದೆ.”

ಅವಳಿಗೆ ನೆನಪಾಗಲು ಒಂದು ಗಳಿಗೆ ಬೇಕಾಯಿತು. ಆ ಮನುಷ್ಯನನ್ನು ಕಳಿಸಿದ್ದವನು ಬೇರೆ ಊರಲ್ಲಿರುವ ಅಣ್ಣ. ತಂಗಿ ಒಬ್ಬಳೇ ಬಾಡಿಗೆ ಓಡಿಸುವುದು ಬೇಡ, ಗಾಡಿ ಮಾರಿಬಿಡಲಿ ಎಂದು ಅವನ ಹಟ. ಮಾರುವುದಿಲ್ಲವೆಂದು ಅವಳು ಅಂದೇ ಸಾಗಹಾಕಿದ್ದಳು.

“ಅವರು ನೋಡೋಕೆ ಬಂದಿದ್ದು ನನ್ನನ್ನಲ್ಲ, ಗಾಡೀನ. ಟೈರು ಸವೆದಿದೆ ಅಂದ್ರು. ನನ್ನ ಮುಖ ನೋಡಿದ್ರೋ ಇಲ್ವೋ.”

ಅವನು ಹೋಗಿ ಮನೆಯ ಮೆಟ್ಟಿಲ ಮೇಲೆ ಕೂತ.

“ಅಳತೆ ನೋಡದೆ ಹಲಗೆ ಮೇಲೆ ಗರಗಸ ಇಟ್ಟೋನಲ್ಲ ನಾನು. ಇದೊಂದನ್ನ ಅಳೀದೇ ಕೊಯ್ದುಬಿಟ್ಟೆ.”

“ಕೇಳಬಹುದಿತ್ತಲ್ಲ.”

“ನೀವು ‘ಹೌದು, ಮದುವೆ ಗೊತ್ತಾಯ್ತು’ ಅಂದುಬಿಟ್ಟಿದ್ರೆ?”

ಅವನು ಅಲ್ಲೇ ಕೂತು ಭಾವನಿಗೆ ಫೋನ್ ಮಾಡಿದ. ಬರುವುದಿಲ್ಲ ಎಂದ. ಆ ಕಡೆಯ ಬೈಗುಳ ಅವಳಿಗೂ ಕೇಳಿಸಿತು. ಅವನು ಬೈಸಿಕೊಳ್ಳುತ್ತಲೇ ನಕ್ಕ. ಆ ಅಂಗಳದಲ್ಲಿ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ.

ಅವಳು ಕೈ ತೊಳೆದು ಬಂದು ಪಕ್ಕದಲ್ಲಿ ಕೂತಳು. ಅವನು ಚೀಲದಿಂದ ದಾರಿಗೆಂದು ಕಟ್ಟಿಕೊಂಡಿದ್ದ ಬುತ್ತಿ ತೆಗೆದ. ಎರಡು ಡಬ್ಬಿಗಳಿದ್ದವು.

“ಎರಡು ಯಾಕೆ?”

“ಗಾಡಿ ಓಡಿಸೋರೂ ಉಣ್ಣಬೇಕಲ್ಲ.”

ಅವನು ಒಂದರ ಮುಚ್ಚಳ ತೆಗೆದು ಅವಳ ಕೈಗಿಟ್ಟ.