ತೆಂಕಣಕೇರಿಯ ಮೂರು ಗಂಟೆ

ಬಂಗಾರದ ಅವಲಕ್ಕಿ ಸರ ತನ್ನ ಅಮ್ಮನದು ಎಂಬುದರಲ್ಲಿ ಕಿರಣನಿಗೆ ಎಂದೂ ಅನುಮಾನವಿರಲಿಲ್ಲ. ಅಜ್ಜಿ ಅದನ್ನು ಮಗಳು ಶಾಂಭವಿಗೆಂದೇ ಎತ್ತಿಟ್ಟಿದ್ದಳು. ಮಗ ಅನಂತಮೂರ್ತಿಯ ಮದುವೆಯಲ್ಲಿ ಹೊಸ ಸೊಸೆ ರಾಜೀವಿಯ ಕೊರಳು ಬೋಳಾಗಿ ಕಾಣಬಾರದೆಂದು ಎರಡು ದಿನದ ಮಟ್ಟಿಗೆ ಕೊಟ್ಟ ಸರ, ಮೂವತ್ತೆಂಟು ವರ್ಷವಾದರೂ ವಜ್ರಳ್ಳಿಯ ಆ ಮನೆಯಿಂದ ಹೊರಬೀಳಲಿಲ್ಲ. ಕಳೆದ ವರ್ಷ ಶಿರಸಿಯ ಆಸ್ಪತ್ರೆಯಲ್ಲಿ ಮಲಗಿದ್ದ ಶಾಂಭವಿ, ನೋಡಲು ಬಂದ ಅಣ್ಣನ ಕೈ ಹಿಡಿದು ಕೇಳಿದ್ದಳು: “ಆ ಸರ ಒಂದು ದಿನ ತಂದು ಕೊಡ್ತ್ಯಾ ಅಣ್ಣಾ? ಹಾಕ್ಕಂಡು ನೋಡ್ತೆ, ಅಷ್ಟೇಯ.”

“ಆಸ್ಪತ್ರೆ ಮಂಚದ ಮೇಲೆ ಬಂಗಾರ ಎಂತಕ್ಕೆ ತಂಗೀ? ಮೊದ್ಲು ಗುಣ ಆಗು,” ಎಂದು ಅನಂತಮೂರ್ತಿ ನಕ್ಕಿದ್ದ.

ಮೂರನೆಯ ದಿನ ಅವಳು ತೀರಿಕೊಂಡಳು. ಬಲಗೈ ಬರಿಗೊರಳ ಮೇಲಿತ್ತು. ಹದಿಮೂರು ದಿನ ಕಳೆದ ಮೇಲೆ ಕಿರಣ ಮಾವನ ಬಳಿ ಸರದ ಮಾತೆತ್ತಿದ. ಮಾವ ಕವಳದ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ, “ಯಾವ ಸರ ಮಾರಾಯ?” ಎಂದ. ಕಿರಣನಿಗೆ ಅಮ್ಮ ಎರಡನೆಯ ಸಲ ಸತ್ತಂತಾಯಿತು. ಕದಿಯಬೇಕೆಂದು ನಿರ್ಧರಿಸಿದ್ದು ಆ ಕ್ಷಣದಲ್ಲೇ.

ಮಾರುವ ಆಸೆ ಅವನಿಗಿರಲಿಲ್ಲ. ಅಮ್ಮನ ವರ್ಷಾಂತದ ದಿನ ಬಾಗಿಲು ಹಾಕಿಕೊಂಡು, ಅವಳ ಫೋಟೋಕ್ಕೆ ಆ ಸರ ಹಾಕಬೇಕು. ಒಂದೇ ಒಂದು ತಾಸು ಸಾಕು. ಆಮೇಲೆ ಅದು ಎಲ್ಲಿ ಹೋದರೂ ಚಿಂತೆಯಿಲ್ಲ.

ಕಿರಣ ಯಲ್ಲಾಪುರದಲ್ಲಿ ಜಮೀನು ಅಳೆಯುವ ಖಾಸಗಿ ಸರ್ವೆಯರ್. ಒಂದು ಅಡಿ ಆಚೀಚೆ ಆದರೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತದೆ ಎಂಬುದನ್ನು ಬಲ್ಲವನು. ಅವನ ನಕಾಶೆಯಲ್ಲಿ ದಿಕ್ಕು ತಪ್ಪಿದ್ದನ್ನು ಇದುವರೆಗೆ ಯಾರೂ ತೋರಿಸಿರಲಿಲ್ಲ, ಮತ್ತು ಅದನ್ನು ಅವನು ಆಗಾಗ ಹೇಳಿಕೊಳ್ಳುತ್ತಿದ್ದ. ಸರ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ಕಳ್ಳ ಉಪ್ಪುನೀರಿಗೆ ಕೈ ಹಾಕುವುದಿಲ್ಲ ಎಂದು ಅಜ್ಜಿ ಬಂಗಾರವನ್ನು ಮಾವಿನಮಿಡಿಯ ಭರಣಿಯ ತಳದಲ್ಲಿಡುತ್ತಿದ್ದಳು. ರಾಜೀವಿ ಅತ್ತೆಯೂ ಅದೇ ಪದ್ಧತಿ ಇಟ್ಟುಕೊಂಡಿದ್ದಳು. ಮದುವೆಮನೆಗಳಲ್ಲಿ ಅವಳ ಪಕ್ಕ ಕುಳಿತವರಿಗೆ ಮಿಡಿಯ ವಾಸನೆ ಬರುತ್ತಿದ್ದುದು ಸುಮ್ಮನೆ ಅಲ್ಲ.

ತೊಡಕು ಒಂದೇ. ಆ ಮನೆ ಖಾಲಿಯಾಗುವುದೇ ಇಲ್ಲ. ಒಬ್ಬರು ಹೊರಟರೆ ಇನ್ನೊಬ್ಬರು ಜಗಲಿ ಕಾಯುತ್ತಾರೆ.

ಮೇ ತಿಂಗಳ ನಡುವೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಭಾನುವಾರ ನಸುಕಿಗೆ ಕರಾವಳಿಯ ಪಕ್ಕದಲ್ಲೇ ಹಾದುಹೋಗುತ್ತದೆ ಎಂಬ ಸುದ್ದಿ ಬಂತು. ಯಲ್ಲಾಪುರದ ಸ್ವಯಂಸೇವಕರ ತಂಡಕ್ಕೆ ಕಿರಣನೇ ಮುಂದಾಳು. ಅಂಕೋಲೆಯ ಬದಿಯ ತೆಂಕಣಕೇರಿ ಎಂಬ ಮೀನುಗಾರರ ಕೇರಿಯನ್ನು ಸಜ್ಜುಗೊಳಿಸುವುದು ಅವರ ಪಾಲಿಗೆ ಬಂದಿತ್ತು. ಜನರನ್ನು ದಿಬ್ಬದ ಮೇಲಿನ ಶಾಲೆಗೆ ಸಾಗಿಸಬೇಕು, ದೋಣಿ ಎಳೆದು ಕಟ್ಟಬೇಕು, ಮನೆಗಳ ಮಾಡಿಗೆ ಹಗ್ಗ ಬಿಗಿಯಬೇಕು. ಜೊತೆಗೆ ಘಟ್ಟದ ಮೇಲಿನ ಊರುಗಳಿಂದ ಅವಲಕ್ಕಿ, ಬೆಲ್ಲದ ಪೊಟ್ಟಣಗಳು ಇಳಿಯಬೇಕು. ವಜ್ರಳ್ಳಿಯವರು ಶನಿವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ತಮ್ಮೂರ ಶಾಲೆಯಲ್ಲಿ ಸೇರಲಿ ಎಂದು ಸಮಯ ಗೊತ್ತು ಮಾಡಿದವನು ಕಿರಣನೇ. ಅತ್ತೆಗೆ ತಾನೇ ಫೋನು ಮಾಡಿದ.

“ಅತ್ತೆ, ನೀ ಬರದೇ ಹೋದ್ರೆ ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ಲೆ.”

“ಬತ್ತೆ ತಮಾ, ಬತ್ತೆ. ನಿನ್ನ ಮಾವನ್ನೂ ಎಳ್ಕಂಡೇ ಬತ್ತೆ,” ಎಂದಳು ರಾಜೀವಿ ಉಬ್ಬಿಹೋಗಿ.

ಊರಿಗೆಲ್ಲ ಅವಲಕ್ಕಿ ಕಟ್ಟಲು ಹೋದವಳ ಮನೆಯಲ್ಲಿ ಅವಲಕ್ಕಿ ಸರ ಒಂಟಿ. ಕಿರಣನಿಗೆ ತುಸು ನಗು ಬಂತು.

ಇನ್ನು ಬೇಕಾದದ್ದು ಸಾಕ್ಷಿ. ಶನಿವಾರ ಮಧ್ಯಾಹ್ನ ತಾನು ಕಡಲ ದಂಡೆಯಲ್ಲೇ ಇದ್ದೆ ಎನ್ನುವುದಕ್ಕೆ. ಕೊನೆಯ ಮನೆ ಖಾಲಿಯಾದ ಮೇಲೆ ದಂಡೆಯ ಕಂಬಕ್ಕೆ ಕೆಂಪು ಬಾವುಟ ಏರಿಸಬೇಕೆಂಬುದು ತಂಡದ ನಿಯಮ. ಬಾವುಟ ಹಾರುತ್ತಿರುವ ಫೋಟೋ ಎಂದರೆ ಅದು ಶನಿವಾರದ್ದೇ, ಬೇರೆ ದಿನದ್ದಾಗಲು ಸಾಧ್ಯವಿಲ್ಲ. ಆದ್ದರಿಂದ ಕಿರಣ ಅದನ್ನು ಶುಕ್ರವಾರವೇ ತೆಗೆದ. ಕೇರಿಯವರೆಲ್ಲ ದಿಬ್ಬದ ಶಾಲೆಯಲ್ಲಿ ಸಭೆಗೆ ಕುಳಿತಿದ್ದಾಗ, ಸರಿಯಾಗಿ ಮೂರು ಗಂಟೆಗೆ, ಬಡಗಣ ತುದಿಗೆ ಒಬ್ಬನೇ ಹೋಗಿ ಬಾವುಟ ಏರಿಸಿದ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ, ನಡುವೆ ಹಗ್ಗ ಬಿಗಿದ ದೋಣಿಗಳು, ಮುಂದೆ ಕಿತ್ತಳೆ ಜಾಕೀಟಿನ ತಾನು. ಒಂದು ಫೋಟೋ ತೆಗೆದು ಬಾವುಟ ಇಳಿಸಿ ಮಡಚಿಟ್ಟ. ಮೋಡ ಕವಿದಿದ್ದರಿಂದ ನೆರಳಿನ ಭಯವಿರಲಿಲ್ಲ. ನಾಳೆಯೂ ಇದೇ ಜಾಕೀಟು, ಇದೇ ಗಡ್ಡ.

ದೋಣಿಗಳಲ್ಲೊಂದು ವೆಂಕಮ್ಮನದು. ಗಂಡ, ಮಗ ಇಬ್ಬರನ್ನೂ ಕಡಲಿಗೆ ಕೊಟ್ಟ ಎಪ್ಪತ್ತರ ಮುದುಕಿ. ಸಭೆ ಮುಗಿಸಿ ಬಂದವಳು ಅವನು ಹಾಕಿದ ಗಂಟನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

“ಇದೆಂಥ ಗಂಟು ಮಗಾ! ಘಟ್ಟದ ಮೇಲೆ ದನ ಕಟ್ಟೂದು ಹೀಂಗಾ?”

ಅವಳೇ ಕುಳಿತು ಬಿಚ್ಚಿ ಮತ್ತೆ ಕಟ್ಟಿದಳು. ಕಿರಣ ಹಗ್ಗ ಹಿಡಿದುಕೊಟ್ಟ. ಸುಳ್ಳು ಹೇಳಬಾರದು, ಆ ಎರಡು ದಿನ ಅವನು ಮೈಮುರಿದು ದುಡಿದ. ತನ್ನ ಕಳ್ಳತನಕ್ಕಾಗಿ ಕೇರಿಯ ಒಂದು ಜೀವವೂ ಹೋಗಬಾರದೆಂಬ ಹಟ ಅವನಿಗಿತ್ತು.

ಶನಿವಾರ ಹನ್ನೆರಡಕ್ಕೆ ಕೇರಿ ಖಾಲಿಯಾಯಿತು. ಬಡಗಣ ತುದಿಯ ಕಾವಲನ್ನು ಕಿರಣ ತಾನೇ ಕೇಳಿ ಪಡೆದಿದ್ದ. ಉಳಿದವರೆಲ್ಲ ಶಾಲೆಯಲ್ಲಿ ಜನ ಎಣಿಸುತ್ತಿದ್ದರು. ಬಾವುಟ ಏರಿಸಿದ, ಅದು ಪಟಪಟ ಹೊಡೆದುಕೊಂಡಿತು. ಫೋನನ್ನು ಚಾಲೂ ಇಟ್ಟೇ ವೆಂಕಮ್ಮನ ದೋಣಿಯ ತಾಡಪಾಲಿನ ಕೆಳಗೆ ತುರುಕಿದ. ಟವರಿನ ಲೆಕ್ಕದಲ್ಲಿ ಅವನು ತೆಂಕಣಕೇರಿಯಲ್ಲೇ ಇರುತ್ತಾನೆ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿ, ಹೆಲ್ಮೆಟ್ ಹಾಕಿ ಬೈಕ್ ಹತ್ತಿದ. ಘಟ್ಟದ ತಿರುವುಗಳಲ್ಲಿ ಗಾಳಿ ಎದೆಗೆ ಹೊಡೆಯುತ್ತಿತ್ತು, ಬೈಕ್ ಮೂರನೆಯ ಗೇರಿನಲ್ಲೂ ಏದುಸಿರು ಬಿಟ್ಟಿತು. ಹತ್ತು ನಿಮಿಷ ತಡವಾಯಿತು. ಹತ್ತು ನಿಮಿಷದ ತಡಕ್ಕೂ ಅವನ ಲೆಕ್ಕದಲ್ಲಿ ಜಾಗವಿತ್ತು.

ಎರಡೂಕಾಲು ಗಂಟೆಗೆ ಮಾವನ ಮನೆಯ ಹಿತ್ತಲು. ಹಿಂಬಾಗಿಲ ಅಗುಳಿಯನ್ನು ಕಡ್ಡಿಯಿಂದ ಎಬ್ಬಿಸುವುದು ಎಂಟನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ. ಅಡುಗೆಮನೆಯ ಮೂಲೆಯಲ್ಲಿ ನಾಲ್ಕು ಭರಣಿ. ಎಲ್ಲಕ್ಕಿಂತ ಹಳೆಯದರ ಮುಚ್ಚಳ ತೆಗೆದು, ಒತ್ತುಕಲ್ಲು ಯಾವ ಮೈ ಮೇಲಾಗಿತ್ತೆಂದು ನೋಡಿಕೊಂಡು, ಮೊಣಕೈ ಮುಳುಗುವವರೆಗೆ ಕೈ ಇಳಿಸಿದ. ಹಗ್ಗ ಉಜ್ಜಿದ ಗಾಯಕ್ಕೆ ಉಪ್ಪುನೀರು ತಾಗಿ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಜಗಲಿಯಲ್ಲಿ ಕೆಮ್ಮು ಕೇಳಿತು.

ಅದು ಮಾವನದೇ. ಕಿರಣ ಕೈಯನ್ನು ಭರಣಿಯಲ್ಲೇ ಬಿಟ್ಟು ಉಸಿರು ಹಿಡಿದ. ಚಪ್ಪಲಿಯ ಸದ್ದು ಜಗಲಿಯ ಈ ತುದಿಗೆ ಬಂತು. ನಡುವೆ ಒಂದು ಬಾಗಿಲು, ಅದಕ್ಕೆ ಹೊರಗಿನಿಂದ ಬೀಗ. ಬೀಗ ತೆಗೆದರೆ ಎಲ್ಲ ಮುಗಿಯಿತು. ಅಮ್ಮನ ಹೆಸರೂ ಕಳ್ಳನ ತಾಯಿ ಎಂದಾಗುತ್ತದೆ.

“ಕವಳ ಬಿಟ್ಟಿಕ್ಕೆ ಹೋದ್ರೆ ಎಂತ ಕೆಲ್ಸ ಮಾಡ್ಲಕ್ಕು,” ಎಂದು ಅನಂತಮೂರ್ತಿ ತನ್ನಷ್ಟಕ್ಕೇ ಗೊಣಗಿದ. ಜಗಲಿಯ ಕವಳದ ತಬಕು ಸದ್ದು ಮಾಡಿತು. ಚಪ್ಪಲಿ ಮೆಟ್ಟಿಲಿಳಿದು ದೂರವಾಯಿತು.

ಕಿರಣನ ಬೆರಳಿಗೆ ಪ್ಲಾಸ್ಟಿಕ್ ಗಂಟು ಸಿಕ್ಕಿತು. ಬಿಚ್ಚಿ ನೋಡಲಿಲ್ಲ, ಭಾರ ಸಾಕಿತ್ತು. ಕಲ್ಲನ್ನು ಅದೇ ಮೈಗೆ ಇಟ್ಟ. ಚೆಲ್ಲಿದ ನಾಲ್ಕು ಹನಿ ಒರೆಸಿದ. ವಾಸನೆ ಹೋಗಲೆಂದು ಜೇಬಿನಲ್ಲಿ ಲಿಂಬೆಹಣ್ಣನ್ನೂ ತಂದಿದ್ದ. ಇಳಿಯುವಾಗ ಗಾಳಿ ಬೆನ್ನಿಗೆ ನಿಂತು ನೂಕಿತು, ದೇವರೇ ತಳ್ಳಿದ ಹಾಗೆ. ನಾಲ್ಕಕ್ಕೆ ಕೇರಿಯಲ್ಲಿದ್ದ. ನಾಲ್ಕೂವರೆಗೆ ತಂಡದ ವಾಟ್ಸಾಪಿಗೆ ಶುಕ್ರವಾರದ ಫೋಟೋ ಹಾಕಿ ಬರೆದ: “ಮೂರು ಗಂಟೆಗೆ ತೆಗೆದದ್ದು. ನೆಟ್‌ವರ್ಕ್ ಈಗ ಸಿಕ್ಕಿತು.” ಹತ್ತು ಮಂದಿ ಕೈಮುಗಿದ ಚಿತ್ರ ಕಳಿಸಿದರು.

ಚಂಡಮಾರುತ ಕೇರಿಯ ಹನ್ನೊಂದು ಮಾಡು ಹಾರಿಸಿತು. ಒಂದು ಜೀವವೂ ಹೋಗಲಿಲ್ಲ, ಒಂದು ದೋಣಿಯೂ ಬಿಚ್ಚಲಿಲ್ಲ.

ವಾರದ ಮೇಲೆ ರಾಜೀವಿ ಭರಣಿಗೆ ಕೈ ಹಾಕಿ ಕೂಗಿಕೊಂಡಳು. “ಯಾವ ಸರ” ಎಂದಿದ್ದ ಮಾವ ಪೊಲೀಸರ ದೂರಿನಲ್ಲಿ ‘ನಮ್ಮ ತಾಯಿಯ ಅವಲಕ್ಕಿ ಸರ’ ಎಂದು ಸ್ವಂತ ಕೈಯಿಂದ ಬರೆದುಕೊಟ್ಟ. ಆ ಸಾಲು ಕಿರಣನಿಗೆ ಸರದಷ್ಟೇ ಸುಖ ಕೊಟ್ಟಿತು. ಹಾವೇರಿ ಕಡೆಯ ಪೊಲೀಸ್ ಅಧಿಕಾರಿ ಮನೋಹರ, ಮನೆ ಖಾಲಿಯಿದ್ದ ಆ ಶನಿವಾರ ಮಧ್ಯಾಹ್ನ ಎಲ್ಲಿದ್ದಿರೆಂದು ನೆಂಟರನ್ನೆಲ್ಲ ವಿಚಾರಿಸಿದರು. ಕಿರಣನ ಫೋಟೋ ನೋಡಿ, “ಸುಮ್ನ ಕೇಳಬೇಕಿತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದು ಕೈ ಕುಲುಕಿದರು. ಸರ ಆಗ ಅವನ ಸರ್ವೆ ಸ್ಟ್ಯಾಂಡಿನ ಟೊಳ್ಳು ಕಾಲಿನೊಳಗಿತ್ತು. ವರ್ಷಾಂತಕ್ಕೆ ಎಂಟು ದಿನ ಉಳಿದಿತ್ತು.

ವಜ್ರಳ್ಳಿಯ ಶಾಲೆಯಲ್ಲಿ ಸ್ವಯಂಸೇವಕರಿಗೆ ಸನ್ಮಾನ ಇಟ್ಟುಕೊಂಡರು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ಕಿರಣನ ಫೋಟೋ ಆಳೆತ್ತರವಾಗಿತ್ತು, ಕೆಳಗೆ ‘ಶನಿವಾರ ಮಧ್ಯಾಹ್ನ ಮೂರು ಗಂಟೆ’ ಎಂದು ಬರೆದಿತ್ತು. ಮೊದಲ ಸಾಲಿನಲ್ಲಿ ಮಾವ, ಅತ್ತೆ, ಮನೋಹರ. ತೆಂಕಣಕೇರಿಯಿಂದ ಜೀಪಿನಲ್ಲಿ ಬಂದ ವೆಂಕಮ್ಮ ಕಿರಣನ ಕೈಗೆ ತೆಂಗಿನಕಾಯಿ ಕೊಟ್ಟು ಕೆನ್ನೆ ಸವರಿದಳು. “ಇವ್ರೇ ಅಲ್ರಿ ಅಜ್ಜಿ, ಅವತ್ತು ನಿಮ್ಮ ದೋಣಿ ಕಾದವ್ರು?” ಎಂದು ಮನೋಹರ ಫ್ಲೆಕ್ಸ್ ತೋರಿಸಿ ಕೇಳಿದರು.

ವೆಂಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಫೋಟ ಚಂದ ಬಂದದೆ. ಆದ್ರೆ ಇದು ಆ ಶನಿವಾರದ್ದಲ್ಲ ಮಗಾ,” ಎಂದಳು, ದೋಣಿಯ ಗಂಟು ತಿದ್ದಿದಷ್ಟೇ ಸಲೀಸಾಗಿ. “ತೂಫಾನು ಬರೂ ಮುಂಚೆ ನಮ್ಮಲ್ಲಿ ಗಾಳಿ ಘಟ್ಟದಿಂದ ಇಳೀತದೆ. ಆ ದಿನ ಬೆಳಗಿಂದ ಕತ್ತಲಾಗೂವರೆಗೆ ಒಂದೇ ಸಮ ಕಡಲ ಬದಿಗೇ ಹೊಡೀತಿತ್ತು. ಇಲ್ಲಿ ನೋಡು, ಬಾವುಟ ಎತ್ಲಾಗೆ ಹಾರ್ತದೆ?” ಕಿರಣನಿಗೆ ಘಟ್ಟ ಹತ್ತುವಾಗ ಎದೆಗೆ ಹೊಡೆದ ಗಾಳಿ ನೆನಪಾಯಿತು. ಚಂಡಮಾರುತ ಕಡಲಿನದಾದರೆ ಗಾಳಿಯೂ ಕಡಲಿಂದಲೇ ಎಂದುಕೊಂಡಿದ್ದ ಘಟ್ಟದ ಮನುಷ್ಯ ಅವನು. ದಿನವಿಡೀ ಆ ಗಾಳಿಯಲ್ಲೇ ಇದ್ದರೂ ಅದರ ದಿಕ್ಕನ್ನು ಅಳೆದಿರಲಿಲ್ಲ. ಮನೋಹರ ಚಹದ ಲೋಟ ಕೆಳಗಿಟ್ಟು ಎದ್ದು ಬಂದರು. ಮಾವ ಮೊದಲ ಸಲ ಅಳಿಯನ ಮುಖವನ್ನು ನೇರ ನೋಡಿದ. ಫ್ಲೆಕ್ಸಿನ ಕೆಂಪು ಬಾವುಟ ಕಡಲಿಗೆ ಬೆನ್ನು ಹಾಕಿ, ನೆಟ್ಟಗೆ ಘಟ್ಟದ ಕಡೆಗೆ, ವಜ್ರಳ್ಳಿಯ ಕಡೆಗೆ ಹಾರುತ್ತಿತ್ತು.