ಹಸಿರು ಪೊಟ್ಟಣ

"ಅಯ್ಯೋ, ನಿಂತೇ ಹೋಯ್ತಲ್ಲ!"

ಹಳದಿ ಗೆರೆಯ ಈಚೆ ನಿಂತಿದ್ದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಅಷ್ಟು ಹೊತ್ತು ಸರಸರ ಓಡುತ್ತಿದ್ದ ಬೆಲ್ಟು ಗಕ್ಕನೆ ನಿಂತಿತ್ತು. ಅದರ ಮೇಲಿನ ಸರ್ಕ್ಯೂಟ್ ಬೋರ್ಡುಗಳೂ ಇದ್ದಲ್ಲೇ ನಿಂತವು. ಯಂತ್ರದ ನೆತ್ತಿಯಲ್ಲಿ ಕೆಂಪು ದೀಪ ಮಿನುಗತೊಡಗಿತು.

ರುಯೀ ಗೆರೆಯ ತುದಿಯವರೆಗೂ ನುಗ್ಗಿ ಬಂದಳು. ಅದು ಅಮ್ಮನ ಲೈನು! ಈ ಹೊಸ ಲೈನನ್ನು ಅಮ್ಮನ ಕೈಗೆ ಒಪ್ಪಿಸಿ ವಾರವೂ ಆಗಿರಲಿಲ್ಲ. ಇವತ್ತು ಕೆಲಸದವರ ಮನೆಯವರೆಲ್ಲ ಫ್ಯಾಕ್ಟರಿ ನೋಡಲು ಬರುವ ದಿನ ಬೇರೆ.

ಯಂತ್ರದ ಮೇಲೆ ಒಂದು ಹಸಿರು ತಿಂಡಿ ಪೊಟ್ಟಣ ಕೂತಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ 'ಗ್ವಾಯ್ ಗ್ವಾಯ್' ಎಂದಿತ್ತು. ಜಾಣಮರಿಯಾಗಿರು, ಹಠ ಮಾಡಬೇಡ ಎಂದು ಅರ್ಥ. ಈ ಶಿನ್‌ಚು ಊರಿನಲ್ಲಿ ಯಂತ್ರ ಇದ್ದಲ್ಲಿ ಈ ಪೊಟ್ಟಣವೂ ಇರಬೇಕು. ಯಂತ್ರ ಓಡುವಾಗ ಹತ್ತುವ ದೀಪದ ಹಾಗೆ ಹಸಿರೇ ಆಗಬೇಕು. ಯಾರೂ ತಿನ್ನಬಾರದು, ತಿಂದರೆ ಯಂತ್ರಕ್ಕೆ ಸಿಟ್ಟು ಬರುತ್ತದೆ.

ರುಯೀ ತಿಂದಿದ್ದಳು. ಅಮ್ಮನ ಚೀಲದಿಂದ ತೆಗೆದು, ಒಂದೇ ಒಂದು ಎಂದುಕೊಂಡು, ಪೂರ್ತಿ ಖಾಲಿ ಮಾಡಿದ್ದಳು. ಆಮೇಲೆ ಟಿಶ್ಯೂ ಪೇಪರ್ ತುರುಕಿ, ಟೇಪ್ ಅಂಟಿಸಿ, ಏನೂ ಗೊತ್ತಿಲ್ಲದವಳ ಹಾಗೆ ವಾಪಸ್ ಚೀಲದಲ್ಲೇ ಇಟ್ಟಿದ್ದಳು.

ಅಮ್ಮನ ಜೊತೆ ಕೆಲಸ ಮಾಡುವ ಲಾಯ್ ಮಾಮ ಪೊಟ್ಟಣ ಎತ್ತಿಕೊಂಡ. "ಏನಿದು, ಇಷ್ಟು ಹಗುರ?"

ಟೇಪ್ ಕಿತ್ತು ಬಂತು. ಟಿಶ್ಯೂ ಪೇಪರ್ ನೆಲಕ್ಕೆ ಬಿತ್ತು. ಲಾಯ್ ಮಾಮ ಬಾಯಿಬಿಟ್ಟು ನಿಂತ.

"ಅಯ್ಯಯ್ಯೋ! ಯಂತ್ರಕ್ಕೇ ಟೋಪಿ ಹಾಕಿದ್ದಾರಲ್ಲ!"

"ಅದನ್ನ ತಂದಿಟ್ಟವಳು ನಾನೇ," ಎಂದಳು ಅಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು. ಎಲ್ಲರೂ ಅವಳನ್ನೇ ನೋಡಿದರು.

ರುಯೀಗೆ ತಡೆಯಲಾಗಲಿಲ್ಲ. "ನಾನು ತಿಂದಿದ್ದು! ಅಮ್ಮಂದೇನೂ ತಪ್ಪಿಲ್ಲ!"

"ನೀನಾ?"

ಅಮ್ಮ ಅಷ್ಟೇ ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ರುಯೀಗೆ.

ಅಮ್ಮ ಯಂತ್ರದ ಮುಚ್ಚಳ ತೆರೆದು ಟಾರ್ಚ್ ಬಿಟ್ಟು ನೋಡಿದಳು. ಪುಟ್ಟ ಗಾಜಿನ ಚುಕ್ಕಿಯೊಂದನ್ನು ಬಟ್ಟೆಯಿಂದ ಒರೆಸಿದಳು. "ಬೋರ್ಡ್ ಬಂತೋ ಇಲ್ವೋ ಅಂತ ನೋಡೋ ಕಣ್ಣು ಇದು. ಧೂಳು ಕೂತಿದೆ."

ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಬೆಲ್ಟು ಮತ್ತೆ ಓಡಿತು.

"ಹಾಗಾದ್ರೆ ನಾನು ತಿಂದಿದ್ದಕ್ಕೆ ಅಲ್ವಾ ನಿಂತಿದ್ದು?"

"ಶ್! ಮೆಲ್ಲಗೆ ಮಾತಾಡೇ," ಎಂದ ಲಾಯ್ ಮಾಮ. "ಅದಕ್ಕೆ ಕೇಳಿಸೀತು!"

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಕೆಳಗಿನ ಅಂಗಡಿಯಿಂದ ಹೊಸ ಪೊಟ್ಟಣ ತರಿಸಿ ರುಯೀಯ ಕೈಗೆ ಕೊಟ್ಟಳು. "ನೀನೇ ಇಡು. ಹೇಳಿ ಇಡು."

ರುಯೀ ಎರಡೂ ಕೈಯಲ್ಲಿ ಹಿಡಿದು ಪೊಟ್ಟಣ ಇಟ್ಟಳು. ಮತ್ತೆ ನಿಂತುಬಿಟ್ಟರೆ? ಎಲ್ಲರೂ ಮತ್ತೆ ಅಮ್ಮನನ್ನೇ ನೋಡಿದರೆ?

"ಗ್ವಾಯ್ ಗ್ವಾಯ್," ಎಂದಳು.

ದಿನಾ ಬೆಳಿಗ್ಗೆ ಸ್ಕೂಲ್ ಗೇಟಿನಲ್ಲಿ ತಲೆ ಸವರಿ ಅಮ್ಮ ಹೇಳುವುದೂ ಇದೇ ಮಾತು. ಅದು ಗದರಿಕೆ ಎಂದೇ ರುಯೀ ಇಷ್ಟು ದಿನ ಅಂದುಕೊಂಡಿದ್ದಳು; ಅದರೊಳಗೆ ಅಂಜಿಕೆಯೂ ಇರುತ್ತದೆಂದು ಈಗ ಗೊತ್ತಾಯಿತು.

ಬೋರ್ಡುಗಳು ಒಂದರ ಹಿಂದೊಂದು ಸಾಗುತ್ತಿದ್ದವು. ರುಯೀ ಮೆಲ್ಲಗೆ ಅಮ್ಮನ ಕೋಟಿನ ತುದಿ ಹಿಡಿದುಕೊಂಡಳು.