ಈ ಬೇಸಿಗೆಗೆ ಯಾವ ಹೂವು?

“ಅದನ್ನ ಮುಟ್ಟಬ್ಯಾಡ!”

ಸ್ಮಿತಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಕುಂಡದಲ್ಲಿದ್ದ ಒಣಗಿದ ಗುಲಾಬಿ ಗಿಡದ ಮುಳ್ಳು ಬೆರಳಿಗೆ ತಾಗಿ ರಕ್ತ ಜಿನುಗಿತು.

ತಾರಸಿಯ ಬಾಗಿಲಲ್ಲಿ ಗಂಡ ವಿಜಯಕುಮಾರ ನಿಂತಿದ್ದ. ಮದುವೆಯಾದ ಮೇಲೆ ಅವನು ಇಷ್ಟು ಜೋರಾಗಿ ಮಾತಾಡಿದ್ದು ಇದೇ ಮೊದಲು.

“ಒಣಗೇತ್ರಿ… ತಗದು ಹೊಸಾ ಗಿಡ ಹಚ್ಚೋಣ ಅಂತ…”

“ಇರ್ಲಿ ಬಿಡು. ಕೆಳಗ ನಡಿ.”

ಅಷ್ಟೇ! ಅವಳ ಬೆರಳನ್ನೂ ನೋಡಲಿಲ್ಲ.

ತಾರಸಿಯ ಮೇಲಿನ ಆ ಒಣಗಿದ ಗಿಡಗಳನ್ನೆಲ್ಲ ನೆಟ್ಟಿದ್ದು ವಿಜಯನ ಮೊದಲ ಹೆಂಡತಿ. ಆಕೆ ಜ್ವರದಿಂದ ತೀರಿಕೊಂಡು ಮೂರು ವರ್ಷ. ಕಲಬುರಗಿಯಿಂದ ಎರಡನೆಯವಳಾಗಿ ಬೆಂಗಳೂರಿನ ಸಹಕಾರನಗರದ ಈ ಮನೆಗೆ ಬಂದ ಸ್ಮಿತಾಗೆ ಕಂಡದ್ದೆಲ್ಲ ಆಕೆಯದೇ. ಪರದೆ ಆಕೆ ಆರಿಸಿದ್ದು, ಅಡುಗೆಮನೆಯ ಡಬ್ಬಿಗಳ ಮೇಲಿನ ಅಕ್ಷರ ಆಕೆಯದು. ಕಿಟಕಿ ತೆರೆದರೆ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

‘ಈ ಮನ್ಯಾಗ ನಾ ಎಲ್ಲಿದ್ದೀನಿ?’

ಮರುದಿನ ಅತ್ತೆ ಶರಣವ್ವ ತಮ್ಮ ಫೋನ್ ತಂದುಕೊಟ್ಟರು. ಜಕ್ಕೂರಿನ ನರ್ಸರಿಯವರು ವಾಟ್ಸಾಪಿನಲ್ಲಿ ಗಿಡಗಳ ಫೋಟೋ ಕಳಿಸಿದ್ದರು.

“ಬ್ಯಾಸಗಿಗೆ ಗಿಡ ತರಸ್ಬೇಕವಾ. ಒಮ್ಮೆ ಹಚ್ಚಿದ್ರ ವರ್ಷಾ ವರ್ಷಾ ಹೂ ಬಿಡೂವಂಥವು. ನೋಡು.”

ಸ್ಮಿತಾಳ ಮುಖ ಅರಳಿತು. ನೀಲಿ ಶಂಖಪುಷ್ಪ, ಹಳದಿ ದಾಸವಾಳ… ಎಷ್ಟು ಚೆಂದ!

“ಅವು ಬ್ಯಾಡ. ಕೆಂಪು ಗುಲಾಬಿ, ದುಂಡುಮಲ್ಲಿಗಿ ಹೇಳು. ಆಕಿ ಅವನ್ನ ಹಚ್ಚತಿದ್ಲು. ವಿಜೂಗ ಅವ ಸೇರತಾವ.”

ಸಂಜೆ ಗಂಡನನ್ನೇ ಕೇಳಿದಳು. ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದ ಅವನು ತಲೆಯೆತ್ತಲಿಲ್ಲ.

“ಅವ್ವ ಹೇಳಿದ್ದ ತರಸು.”

ಒಂದು ಹೂವನ್ನೂ ಆರಿಸುವ ಹಕ್ಕು ತನಗಿಲ್ಲವೇ! ಬಚ್ಚಲಿನ ನಲ್ಲಿ ತಿರುವಿ, ನೀರಿನ ಸದ್ದಿನಲ್ಲಿ ಅತ್ತಳು.

ಬೆಳಿಗ್ಗೆ ಕಾಲೇಜಿಗೆ ಹೊರಟ ವಿಜಯ, ಬಾಗಿಲ ಬಳಿ ಬ್ಯಾಗ್ ಹಿಡಿದು ನಿಂತ ಅವಳನ್ನು ನೋಡಿ ಬಿಳಿಚಿಕೊಂಡ.

“ಎಲ್ಲಿಗೆ?”

“ಯಶವಂತಪುರಕ್ಕ ಹೋಗಿ ಕಲಬುರಗಿ ರೈಲು ಹಿಡೀತೀನ್ರಿ. ನನಗ ಇಲ್ಲಿ ಉಸರು ಕಟ್ಟತೈತಿ. ಆ ಒಣ ಕಡ್ಡಿಗಿರೋ ಬೆಲೆನೂ ನನಗಿಲ್ಲ!”

“ಹಂಗಲ್ಲ… ಅವತ್ತು ನನ್ನ ಹಿಂದ ಅವ್ವ ಮೆಟ್ಟಲಾ ಹತ್ತಿ ಬರಾಕತ್ತಿದ್ಲು. ನೀ ಕೀಳೋದು ಕಂಡಿದ್ರ ಆಕಿ ಸಿಟ್ಟೆಲ್ಲಾ ನಿನ್ನ ಮ್ಯಾಲ ಬರ್ತಿತ್ತು. ಅದಕ್ಕ ಚೀರಿದೆ. ಆ ಕುಂಡ ನೋಡಿದ್ರ ನನಗೂ ಎದಿ ಭಾರ ಆಗತೈತಿ. ಅವ್ವನ ಸಲುವಾಗಿ ಇಟಗೊಂಡೀನಿ.”

“ನನ್ನ ಸಲುವಾಗೇನ?” ಒಳಗಿನಿಂದ ಶರಣವ್ವ ಬಂದರು. “ಸತ್ತ ಗಿಡಕ್ಕ ನಾ ನಿನ್ನ ಸಲುವಾಗಿ ನೀರು ಹಾಕಾಕತ್ತೀನಲ್ಲೋ! ಕಿತ್ತು ಒಗದ್ರ ನನ್ನ ಮಗ ಮುರದು ಬೀಳ್ತಾನ ಅಂತ…”

ತಾಯಿ, ಮಗ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟರು.

ಶರಣವ್ವ ಕಣ್ಣೊರೆಸಿಕೊಂಡು ಸೊಸೆಯ ಭುಜ ಹಿಡಿದರು. “ತಪ್ಪಾತವಾ. ಗಿಡ ನೀನ ಆರಿಸು.”

“ಗಿಡದ ಮಾತಲ್ಲ ಅತ್ತೀ.” ಸ್ಮಿತಾ ಗಂಡನ ಕಡೆ ತಿರುಗಿದಳು. “ನಿಮಗ ನಾ ಬೇಕೇನ್ರಿ? ಇಲ್ಲಾ, ಮನ್ಯಾಗ ಒಬ್ಬಾಕಿ ಇರ್ಲಿ ಅಂತ ತಂದೀರೇನು?”

ವಿಜಯನ ಕಣ್ಣು ತುಂಬಿತು.

“ಆಕಿನ್ನ ಮರತೀನಿ ಅಂತ ಸುಳ್ಳ ಹೇಳಂಗಿಲ್ಲ. ಆದ್ರ ಕಾಲೇಜು ಬಿಟ್ಟಕೂಡ್ಲೇ ಈಗೀಗ ಮನಿಗೆ ಓಡಿ ಬರಬೇಕು ಅನಸ್ತೈತಿ… ನೀ ಇದ್ದೀ ಅಂತ. ಹೇಳಿದ್ರ ಆಕಿಗೆ ಮೋಸ ಮಾಡಿದಂಗ ಅನಿಸಿ ಸುಮ್ಮನಿದ್ದೆ.”

ಬ್ಯಾಗಿನ ಮೇಲಿನ ಅವಳ ಹಿಡಿತ ಸಡಿಲವಾಯಿತು. ಶರಣವ್ವ ಅದನ್ನು ಎತ್ತಿಕೊಂಡು ಒಳಗೆ ಹೋದರು.

ಸಂಜೆ ಗಂಡ ಹೆಂಡತಿ ಕೂಡಿ ಒಣ ಗಿಡಗಳನ್ನು ಕಿತ್ತು ಮಣ್ಣು ಸಡಿಲ ಮಾಡಿದರು. ಸ್ಮಿತಾ ಶಂಖಪುಷ್ಪ, ಹಳದಿ ದಾಸವಾಳ ಬರೆದು ನರ್ಸರಿಗೆ ಕಳಿಸುವ ಮುನ್ನ ಒಂದು ಕ್ಷಣ ತಡೆದಳು.

“ಒಂದು ಕೆಂಪು ಗುಲಾಬಿನೂ ಇರ್ಲಿ. ಆಕಿಗೆ ಸೇರತಿತ್ತಲ್ಲ…”

ವಿಜಯ ಮಣ್ಣಾದ ಕೈಯಲ್ಲೇ ಅವಳ ಕೈ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ.

“ಏನೂ ಹೇಳಬ್ಯಾಡ್ರಿ. ಒಮ್ಮೆ ನನ್ನ ಹೆಸರ ಹಿಡದು ಕರೀರಿ ಸಾಕು. ಇಲ್ಲೀತನಕ ಕರದೇ ಇಲ್ಲ ನೀವು.”

“ಸ್ಮಿತಾ…”

“ಇನ್ನೊಮ್ಮೆ…”

“ಸ್ಮಿತಾ!”

“ಹ್ಞೂಂ ರೀ… ಇಲ್ಲೇ ಇದ್ದೀನಿ.”